ಹೂಂ ಅಂದರೆ ಹೊರಡುವ ಗಾಡಿ

ಕಥೆಯೊಳಗೆ ಕೂರಿಸಿಕೊಂಡು ಹೋಗುವ ಗಾಡಿಗಳಲ್ಲಿ ನಾನು ಈ ವಯಸ್ಸಿನಲ್ಲಿ ಮೂರ್ನಾಲ್ಕು ಸಲ ಕೂತಿದ್ದೇನೆ. ಮೊಮ್ಮಕ್ಕಳು ಬಿಡಬೇಕಲ್ಲ. ದೊಡ್ಡ ಊರುಗಳ ಆಟದ ಉದ್ಯಾನಗಳಲ್ಲಿ ಅವು ಇರುತ್ತವೆ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಕತ್ತಲೆ, ತಣ್ಣನೆಯ ಗಾಳಿ. ಪುಟ್ಟ ದೋಣಿಯೋ ಪುಟ್ಟ ರೈಲೋ ತನ್ನಷ್ಟಕ್ಕೆ ತಾನೇ ಹೊರಡುತ್ತದೆ. ತಿರುವಿಗೊಂದು ದೃಶ್ಯ. ಒಂದು ಕಡೆ ರಾಜಕುಮಾರಿ ಕಣ್ಣು ಪಿಳುಕಿಸುತ್ತಾಳೆ, ಇನ್ನೊಂದು ಕಡೆ ರಾಕ್ಷಸ ಹೊಗೆ ಬಿಡುತ್ತಾನೆ. ಮಕ್ಕಳು ಕಿರುಚಿ ಕುಣಿಯುತ್ತಾರೆ. ನಾನು ಮಾತ್ರ ಪ್ರತಿ ಸಲವೂ ಸಿಡಿಮಿಡಿ ಎನ್ನುತ್ತಲೇ ಹೊರಗೆ ಬರುತ್ತೇನೆ. ನಾವು ಕೇಳುತ್ತಿದ್ದೇವೋ ಇಲ್ಲವೋ ಎಂದು ಆ ಗಾಡಿ ಒಮ್ಮೆಯಾದರೂ ವಿಚಾರಿಸುತ್ತದೆಯೇ? ನಾವು ನಿದ್ದೆ ಹೋದರೂ ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಕೇಳುವವರ ಹಂಗೇ ಇಲ್ಲದ ಕಥೆ ಎಂಥ ಕಥೆ ಎಂದು ನಾನು ಗೊಣಗಿದರೆ ಮೊಮ್ಮಕ್ಕಳು ಅಜ್ಜಿಗೆ ಹಸಿವಾಗಿದೆ ಎಂದುಕೊಂಡು ತಿನ್ನಲು ಏನಾದರೂ ಕೊಡಿಸುತ್ತಾರೆ.

ನಾನು ಮೆಚ್ಚಿದ ಕಥೆಯ ಗಾಡಿ ಒಂದೇ ಒಂದು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಬಸವನ ಬಾಗೇವಾಡಿಯ ಖಾಲಿ ಹತ್ತಿ ಗೋದಾಮಿನೊಳಗೆ ಅದು ಓಡಿತು. ಕೂತವರು "ಹೂಂ" ಎಂದರೆ ಮಾತ್ರ ಹೊರಡುತ್ತಿತ್ತು. ಅನ್ನದಿದ್ದರೆ ಕತ್ತಲಲ್ಲಿ ಹಾಗೇ ನಿಂತುಬಿಡುತ್ತಿತ್ತು.

ನಾವು ಸಿಂದಗಿಯವರು. ಅಪ್ಪನಿಗೆ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಬೇಸಿಗೆ ರಜೆ ಬಿದ್ದಕೂಡಲೇ ಅವ್ವ ನನ್ನನ್ನೂ ತಂಗಿಯನ್ನೂ ಎಳೆದುಕೊಂಡು ಬಾಗೇವಾಡಿಯ ತವರಿಗೆ ಹೊರಡುತ್ತಿದ್ದಳು. ಅಲ್ಲಿ ಆಯಿ ಇದ್ದಳು, ಅವ್ವನ ತಾಯಿ. ಅವ್ವನಿಗೆ ಒಬ್ಬನೇ ತಮ್ಮ, ನಮ್ಮ ಮಾಮಾ. ಆಲಮಟ್ಟಿಯ ಆಣೆಕಟ್ಟಿನ ಕೆಲಸದಲ್ಲಿ ವೆಲ್ಡರ್ ಆಗಿದ್ದ. ಶನಿವಾರ ಸಂಜೆ ಮುದ್ದೇಬಿಹಾಳದ ಕಡೆಯಿಂದ ಬರುವ ಬಸ್ಸು ಹಿಡಿದು ಮನೆಗೆ ಬಂದರೆ, ಸೋಮವಾರ ನಸುಕಿಗೆ ಮತ್ತೆ ಹೊರಟುಬಿಡುತ್ತಿದ್ದ. ಬಸ್ಸು ತಡವಾದ ಶನಿವಾರಗಳಲ್ಲಿ ಆಯಿ ಬಾಗಿಲ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಮೂವತ್ತು ದಾಟಿದ, ಮೀಸೆ ಹೊತ್ತ ಗಂಡಸಿಗೆ ಅಷ್ಟು ಕಾಯುವುದೇನಿದೆ ಎಂದು ಅವ್ವ ರೇಗುತ್ತಿದ್ದಳು.

ಆಯಿಯಂತೆ ಕಥೆ ಹೇಳುವವರನ್ನು ನಾನು ಮುಂದೆ ಎಲ್ಲಿಯೂ ಕಾಣಲಿಲ್ಲ. ಆದರೆ ಅವಳ ಹತ್ತಿರ ಕಥೆ ಕೇಳುವುದು ಸುಲಭವಿರಲಿಲ್ಲ. ಅವಳಿಗೆ ಎರಡು ಕಟ್ಟಳೆ. ಮೊದಲನೆಯದು, ಕೇಳುವವರು ಮಾತು ಮಾತಿಗೆ ಹೂಂ ಅನ್ನಬೇಕು. ಒಂದು ಸಾಲಿಗೆ ಹೂಂ ತಪ್ಪಿದರೆ ಕಥೆ ಅಲ್ಲಿಗೇ ನಿಂತಿತು. ಗೋಡೆಗೆ ಕಥೆ ಹೇಳಲು ನನಗೇನು ಹುಚ್ಚು ಹಿಡಿದಿದೆಯೇ ಎಂದು ಎದ್ದು ಹೋಗುತ್ತಿದ್ದಳು. ಎರಡನೆಯದು, ಹಗಲು ಹೊತ್ತು ಕಥೆ ಹೇಳುವಂತಿಲ್ಲ. ಹಗಲಲ್ಲಿ ಕಥೆ ಹೇಳಿದರೆ ಕೇಳಿದ ಮಕ್ಕಳ ಸೋದರಮಾವ ದಾರಿ ತಪ್ಪುತ್ತಾನೆ. ಆಯಿಯ ತವರು ಇಂಡಿ ತಾಲೂಕಿನ ಸಾಲೋಟಗಿ. ಈ ಮಾತನ್ನು ಅವಳು ಅಲ್ಲಿಂದಲೇ ಕಟ್ಟಿಕೊಂಡು ಬಂದಿದ್ದಳು.

ಬೇರೆ ಮನೆಗಳಲ್ಲಿಯೂ ಅಜ್ಜಿಯರು ಹೀಗೆ ಹೇಳುತ್ತಿದ್ದರು. ಆದರೆ ಅದು ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ಸಾಗಹಾಕುವ ಉಪಾಯ. ಆಯಿಯದು ಹಾಗಲ್ಲ. ಒಮ್ಮೆ ಮಧ್ಯಾಹ್ನ ನಾನು ಬೊಂಬೆ ಆಡುತ್ತ "ಒಂದೂರಾಗ ಒಬ್ಬ ರಾಜಾ" ಎಂದು ಶುರು ಮಾಡಿದ್ದಕ್ಕೆ ಓಡಿಬಂದು ನನ್ನ ಬಾಯಿ ಮುಚ್ಚಿದಳು. ನಮಗೆ ಇರುವವನು ಒಬ್ಬನೇ ಮಾಮಾ, ಅವಳಿಗೆ ಇರುವವನು ಒಬ್ಬನೇ ಮಗ. ಅವನನ್ನು ಪಣಕ್ಕಿಡಲು ಅವಳು ತಯಾರಿರಲಿಲ್ಲ.

ಹಾಗಾದರೆ ರಾತ್ರಿ ಹೇಳಬಹುದಲ್ಲ? ಹೇಳುತ್ತಿದ್ದಳು. ಊಟವಾದ ಮೇಲೆ ಮಾಳಿಗೆಯ ಮೇಲೆ ಕೌದಿ ಹಾಸಿಕೊಂಡು ಎಲ್ಲ ಕಥೆಗಳನ್ನೂ ತುದಿ ಮುಟ್ಟಿಸುತ್ತಿದ್ದಳು, ಒಂದನ್ನು ಬಿಟ್ಟು. ಅದು ಪಂಚಮಿ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆದುಕೊಂಡು ಬರಲು ಹೊರಟ ತಮ್ಮನ ಕಥೆ. ನನಗೂ ತಂಗಿಗೂ ಅದೇ ಎಲ್ಲಕ್ಕಿಂತ ಹೆಚ್ಚು ಇಷ್ಟ. ತಲೆಗೆ ರುಮಾಲು ಸುತ್ತಿ, ಕಾಲಿಗೆ ಚಪ್ಪಲಿ ಮೆಟ್ಟಿ, ತಾಯಿ ಕಟ್ಟಿಕೊಟ್ಟ ಉಂಡಿಯ ಗಂಟು ಹೊತ್ತು ಆ ಹುಡುಗ ಹೊರಡುತ್ತಾನೆ. ದಾರಿಯಲ್ಲಿ ಒಂದು ಜಾಲಿಗಿಡ ಅಳುತ್ತಿರುತ್ತದೆ. ತನ್ನ ಮುಳ್ಳು ತನ್ನಲ್ಲೇ ಗೂಡು ಕಟ್ಟಿದ ಹಕ್ಕಿಯ ಮರಿಗಳಿಗೆ ಚುಚ್ಚುತ್ತಿದೆ ಎಂದು ಅದರ ದುಃಖ. ಹುಡುಗ ರುಮಾಲು ಬಿಚ್ಚಿ ಗೂಡಿಗೆ ಹಾಸುತ್ತಾನೆ. ಮುಂದೆ ಒಂದು ಕುಂಟ ನರಿ. ಅದಕ್ಕೆ ಚಪ್ಪಲಿ ಕೊಡುತ್ತಾನೆ. ಅದರ ಮುಂದೆ ಒಬ್ಬ ಮುದುಕಿ, ಕಾಳಿಲ್ಲದ ಬೀಸುಕಲ್ಲು ತಿರುಗಿಸುತ್ತ ಕೂತಿರುತ್ತಾಳೆ. ಅವಳಿಗೆ ಉಂಡಿಯ ಗಂಟನ್ನೇ ಕೊಟ್ಟುಬಿಡುತ್ತಾನೆ. ಆಮೇಲೆ ಹೊಳೆ ಬರುತ್ತದೆ. ಹೊಳೆಯೂ ಕೇಳುತ್ತದೆ, ನನಗೇನು ತಂದೆ ಎಂದು. ಹುಡುಗನ ಹತ್ತಿರ ಈಗ ಏನೂ ಇಲ್ಲ.

ಅಲ್ಲಿಗೆ ಆಯಿ ಗೊರಕೆ ಹೊಡೆಯುತ್ತಿದ್ದಳು. ಪ್ರತಿ ಸಲವೂ ಅಲ್ಲಿಗೇ! ಭುಜ ಹಿಡಿದು ಅಲುಗಿಸಿದರೂ ಏಳುತ್ತಿರಲಿಲ್ಲ. ಬೇಸಿಗೆ ಮೇಲೆ ಬೇಸಿಗೆ ಬಂದು ಹೋದರೂ ನಮ್ಮ ಹುಡುಗ ಹೊಳೆಯ ದಂಡೆಯಲ್ಲೇ ಬರಿಗೈಯಲ್ಲಿ ನಿಂತಿದ್ದ. ತಂಗಿ ಅವನಿಗೊಂದು ಆನೆ ತರಿಸುತ್ತಿದ್ದಳು, ನಾನು ಸೇತುವೆ ಕಟ್ಟಿಸುತ್ತಿದ್ದೆ. ನಾವೇ ಕಟ್ಟಿದ ಕೊನೆ ನಮಗೇ ರುಚಿಸುತ್ತಿರಲಿಲ್ಲ.

ಆ ವರ್ಷ ನಾವು ಹೋದಾಗ ಮಾಮಾ ವಾರದ ನಡುವೆಯೇ ಮನೆಯಲ್ಲಿದ್ದ. ಕೆಲಸದಲ್ಲಿ ಎಡಗಣ್ಣಿಗೆ ಕಿಡಿ ಹಾರಿ ಪಟ್ಟಿ ಕಟ್ಟಿದ್ದರು. ಕಣ್ಣಿಗೇನೂ ಭಯವಿಲ್ಲ, ಆದರೆ ಕೆಲವು ದಿನ ಬೆಳಕಿಗೆ ಹೋಗಬೇಡ, ಕತ್ತಲಲ್ಲಿ ಇರು ಎಂದು ಡಾಕ್ಟರು ಹೇಳಿದ್ದರಂತೆ. ಸುಮ್ಮನೆ ಕೂತು ಗೊತ್ತಿಲ್ಲದ ಜೀವ ಅದು. ಮನೆಯಲ್ಲಿ ಕೂತು ಕೂತು ಬೇಸತ್ತು ಪಕ್ಕದ ಹತ್ತಿ ಗೋದಾಮು ಸೇರಿಕೊಂಡ. ಅದು ಪಕ್ಕದ ಮನೆಯ ಚಾಚಾನದು. ಹತ್ತಿ ಮಾರಿ ಹೋಗಿ ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿತ್ತು. ಕಿಟಕಿಗಳಿಲ್ಲದ ಉದ್ದನೆಯ ತಗಡಿನ ಕಟ್ಟಡ. ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ, ಅಲ್ಲಿಂದ ಹಿತ್ತಲಿನ ತೂಕದ ಕಟ್ಟೆಯವರೆಗೆ ಸಣ್ಣ ಹಳಿ. ಅದರ ಮೇಲೆ ಹತ್ತಿ ಮೂಟೆ ಸಾಗಿಸುವ, ಕಬ್ಬಿಣದ ಗಾಲಿಯ ಒಂದು ಟ್ರಾಲಿ.

ಮಧ್ಯಾಹ್ನ ಅವನಿಗೆ ನೀರು ಕೊಡಲು ಹೋದ ನಾವು ಅಲ್ಲೇ ಕೂತು ನಮ್ಮ ದೂರು ಹೇಳಿಕೊಂಡೆವು. ರಾತ್ರಿ ಆಯಿ ನಿದ್ದೆ ಹೋಗುತ್ತಾಳೆ, ಹಗಲು ಬಾಯಿ ಬಿಡುವುದಿಲ್ಲ, ಆ ಕಥೆ ಮುಗಿಯುವುದೇ ಇಲ್ಲ. ಮಾಮಾ ಒಂಟಿ ಕಣ್ಣಿನಿಂದ ಸೂರು ನೋಡಿದ, ಹಳಿ ನೋಡಿದ, ಟ್ರಾಲಿಯನ್ನು ಕಾಲಿನಿಂದ ಮೆಲ್ಲಗೆ ಒತ್ತಿದ. ಅದು ಕಿರ್ರ್ ಎಂದು ಒಂದು ಮಾರು ಮುಂದೆ ಹೋಯಿತು.

"ಹಗಲ ಹೊತ್ತಿನಾಗ ಆಕಿ ಹೇಳೂದಿಲ್ಲ. ಖರೇ ಐತಿ. ಹಂಗಾರ ಹಗಲ ಹೊತ್ತಿನಾಗ ನಾವ ರಾತ್ರಿ ಮಾಡೂಣು," ಎಂದ.

ಮುಂದಿನ ಕೆಲವು ದಿನ ನಮ್ಮ ಮನೆ, ಚಾಚಾನ ಮನೆ ಎರಡರಲ್ಲೂ ಒಂದು ವಸ್ತುವೂ ಇಟ್ಟ ಜಾಗದಲ್ಲಿ ಇರಲಿಲ್ಲ. ಗೋಣಿಚೀಲಗಳನ್ನು ಹೊಲಿದು ತಗಡಿನ ಸಂದಿಗಳಿಗೆ ಹೊಡೆದರು. ಸಣ್ಣ ತೂತುಗಳಿಗೆ ಹತ್ತಿ ತುರುಕುವುದು ನನ್ನ, ತಂಗಿಯ ಕೆಲಸ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಾಮಾ ಮನುಷ್ಯರನ್ನು, ಪ್ರಾಣಿಗಳನ್ನು ಮಾಡಿದ. ತಮ್ಮನಿಗಾಗಿ ಬಾಗಿಲಲ್ಲಿ ಕಾಯುವ ಅಕ್ಕನ ಬೊಂಬೆಗೆ ಹಳೆಯ ಕುಪ್ಪಸದ ತುಂಡು ಉಡಿಸಿದ. ನರಿಯ ಕಣ್ಣಿಗೆ ನಾವು ಅಪ್ಪನ ಅಂಗಡಿಯಿಂದ ತಂದಿದ್ದ, ಸೈಕಲ್ಲಿನ ಹಿಂದೆ ಇರುವ ಕೆಂಪು ಗಾಜು. ಜಾಲಿಗಿಡಕ್ಕೆ ನಿಜವಾದ ಜಾಲಿಯ ಟೊಂಗೆಯನ್ನೇ ಕಡಿದು ತಂದ, ಗೋದಾಮಿನೊಳಗೆ ಓಡಾಡಿದವರೆಲ್ಲ ಮುಳ್ಳು ತುಳಿದರು. ಒಂದೊಂದು ದೃಶ್ಯದ ಪಕ್ಕದಲ್ಲಿ ಒಂದೊಂದು ಕಂದೀಲು, ಅದಕ್ಕೆ ಡಬ್ಬಿಯ ಮರೆ. ಟ್ರಾಲಿ ಹತ್ತಿರ ಬಂದಾಗ ದಾರ ಎಳೆದರೆ ಮರೆ ಸರಿದು ಅಷ್ಟೇ ಜಾಗ ಬೆಳಗುತ್ತಿತ್ತು. ಮುದುಕಿಯ ಬೀಸುಕಲ್ಲು ಮಾತ್ರ ಬೊಂಬೆಯದಲ್ಲ, ಖರೇ ಕಲ್ಲು. ಅದನ್ನು ಕತ್ತಲಲ್ಲಿ ಕೂತು ಗರಗರ ತಿರುಗಿಸಲು ಚಾಚಿ ಒಪ್ಪಿಕೊಂಡಳು. ಚಾಚಿ ಎಂದರೆ ಚಾಚಾನ ಹೆಂಡತಿ, ಆಯಿಯ ಜೀವದ ಗೆಳತಿ. ಜೋಳ ಹಾಕಿಯೇ ಬೀಸುತ್ತೇನೆ, ಕಥೆಯೂ ಆಯಿತು ಹಿಟ್ಟೂ ಆಯಿತು ಎಂದಳು. ಮುದುಕಿಯ ಕಲ್ಲಿನಲ್ಲಿ ಕಾಳು ಇರಬಾರದು ಎಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ.

ಇನ್ನು ಉಳಿದದ್ದು ಆಯಿಯನ್ನು ಒಪ್ಪಿಸುವುದು. ಅವಳನ್ನು ಗೋದಾಮಿನೊಳಗೆ ಕರೆತಂದು ಬಾಗಿಲು ಹಾಕಿದೆವು. ಆಯಿ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡಿದಳಂತೆ, ಕಾಣಲಿಲ್ಲವಂತೆ. ಆದರೂ ಒಪ್ಪಲಿಲ್ಲ.

"ಕತ್ತಲಾದ್ರ ರಾತ್ರಿ ಆಗತೈತೇನೋ? ಸೂರ್ಯಾ ಹೊರಗ ಅದಾನ," ಎಂದಳು.

"ಕಥಿಗೇನ ಕಣ್ಣ ಅದಾವೇನ್ ಬೇ, ಹೊರಗ ಹಣಿಕಿ ಹಾಕಿ ನೋಡಾಕ?" ಎಂದ ಮಾಮಾ.

"ಆಡಿಕೊಬ್ಯಾಡ. ನಿಂಗೇನರ ಆದ್ರ ನಾ ಏನ ಮಾಡ್ಲಿ?"

ಆಗ ಮಾಮಾ ಇಡೀ ಊರೇ ಮೆಚ್ಚುವಂಥ ಮಾತು ಹೇಳಿದ. "ಇಲ್ಲಿ ಕೇಳು. ಕಥಿ ಹೇಳಿದ್ರ ದಾರಿ ತಪ್ಪಾಂವ ಯಾರು? ಈ ಹುಡುಗ್ಯಾರ ಮಾಮಾ. ಅಂದ್ರ ನಾನ. ನಾ ಎಲ್ಲಿರತೇನಿ? ನಿನ್ನ ಟ್ರಾಲಿ ಹಿಂದ, ನೂಕಕೋತ. ಟ್ರಾಲಿ ಎಲ್ಲಿರತೈತಿ? ಹಳಿ ಮ್ಯಾಲ. ಹಳಿ ಮ್ಯಾಲ ಇರಾಂವ ದಾರಿ ಹ್ಯಾಂಗ ತಪ್ಪತಾನ, ನೀನ ಹೇಳು!"

ಆಯಿ ಬಗ್ಗಿ ಹಳಿಯನ್ನು ಕೈಯಿಂದ ಮುಟ್ಟಿ ನೋಡಿದಳು. ಎಲ್ಲಿಯೂ ಕವಲು ಒಡೆಯುವುದಿಲ್ಲ ತಾನೇ ಎಂದು ಕೇಳಿದಳು. ಇಲ್ಲ ಎಂದ ಮೇಲೆ ಒಂದು ಕರಾರು ಹಾಕಿದಳು. ಟ್ರಾಲಿ ನಿಂತಲ್ಲೆಲ್ಲ ಇದ್ದೀಯಾ ಎಂದು ಅವಳು ಕೂಗಿ ಕೇಳಬೇಕು, ಮಾಮಾ ಓಗೊಡಬೇಕು. ಮಾಮಾ ತನ್ನದೂ ಒಂದು ಕರಾರು ಸೇರಿಸಿದ. ಕೂತವರು ಹೂಂ ಅನ್ನದಿದ್ದರೆ ತಾನು ನೂಕುವುದಿಲ್ಲ. "ನನ್ನ ಇಂಜಿನ್ನಿಗೆ ಡೀಸೆಲ್ ಅಂದ್ರ ನಿಮ್ಮ ಹೂಂ," ಎಂದ.

ಹಾಗೆ ನಮ್ಮ ಗಾಡಿ ಹೊರಟಿತು. ಟ್ರಾಲಿಯ ಮೇಲೆ ಕೌದಿ ಹಾಸಿ, ನಡುವೆ ಆಯಿ, ಆಚೆ ಈಚೆ ನಾವಿಬ್ಬರು. ಆ ಕತ್ತಲೆಗೆ ಹತ್ತಿಯ ವಾಸನೆ, ಕಂದೀಲಿನ ಸೀಮೆಎಣ್ಣೆಯ ವಾಸನೆ, ಆಯಿಯ ಬಾಯಿಯ ಎಲೆ ಅಡಿಕೆಯ ವಾಸನೆ. ಆಯಿ ಒಂದು ಸಾಲು ಹೇಳುತ್ತಿದ್ದಳು, ನಾವು ಹೂಂ ಎನ್ನುತ್ತಿದ್ದೆವು, ಗಾಡಿ ಕಿರ್ರ್ ಎಂದು ಸ್ವಲ್ಪ ಮುಂದೆ ಹೋಗುತ್ತಿತ್ತು. ಒಮ್ಮೆಲೇ ಕಂದೀಲಿನ ಮರೆ ಸರಿದು ಜಾಲಿಗಿಡ, ಅದರ ನೆರಳು ತಗಡಿನ ಮೇಲೆ ಸೂರಿನವರೆಗೂ! ನಾನು ಬಾಯಿ ತೆರೆದುಕೊಂಡು ನೋಡುತ್ತ ಹೂಂ ಅನ್ನುವುದನ್ನೇ ಮರೆತಿದ್ದೆ. ಗಾಡಿ ನಿಂತೇ ಇತ್ತು. ಹಿಂದಿನಿಂದ ಮಾಮಾ ಕೆಮ್ಮಿದ.

"ಅದೀಯೇನೋ?" ಎಂದು ಆಯಿ ಕೂಗುತ್ತಿದ್ದಳು.

"ಅದೇನಿ ಬೇ," ಎಂದು ಮಾಮಾ.

ಹೆಜ್ಜೆ ಹೆಜ್ಜೆಗೂ ಇದೇ ಆಯಿತು. ತಂಗಿಗಂತೂ ಇದು ಕಥೆಯದೇ ಭಾಗವೆನಿಸಿ, ಮನೆಯಲ್ಲಿ ಊಟಕ್ಕೆ ಕೂತಾಗಲೂ "ಅದೀಯೇನೋ" ಎನ್ನತೊಡಗಿದಳು. ಕೇರಿಯ ಮಕ್ಕಳೆಲ್ಲ ಸರದಿಯಲ್ಲಿ ಬಂದು ಕೂತರು. ಪ್ರತಿ ಸವಾರಿಗೂ ಆಯಿಯೇ ಹೇಳಬೇಕು, ಆಯಿ ಒಂದು ಸಲವೂ ಬೇಸರಪಡಲಿಲ್ಲ. ಅವಳ ಮುಖ ಕತ್ತಲಲ್ಲಿ ಕಾಣುತ್ತಿರಲಿಲ್ಲವಾದರೂ ದನಿ ಕೇಳಿದರೆ ಗೊತ್ತಾಗುತ್ತಿತ್ತು, ಹಿಗ್ಗಿದ್ದಳು. ನರಿಗೆ ಮೂಗಿನಲ್ಲಿ ಮಾತಾಡುತ್ತಿದ್ದಳು, ಮುದುಕಿಗೆ ಹಲ್ಲಿಲ್ಲದ ಬಾಯಿಯಲ್ಲಿ. ಚಾಚಿ ಕಲ್ಲು ತಿರುಗಿಸುತ್ತ ಕತ್ತಲಲ್ಲೇ "ನನ್ನ ಬಾಯಾಗ ಇನ್ನೂ ಹಲ್ಲ ಅದಾವ" ಎಂದು ಜಗಳಕ್ಕೆ ಬರುತ್ತಿದ್ದಳು.

ಆದರೆ ಮುದುಕಿಯನ್ನು ದಾಟಿದ ಕೂಡಲೇ ಆಯಿಗೆ ಗಂಟಲು ಒಣಗುತ್ತಿತ್ತು. ನೀರು ಬೇಕು ಎನ್ನುತ್ತಿದ್ದಳು. ಇಲ್ಲವೇ ಮಂಡಿ ನೋವು. ಟ್ರಾಲಿಯ ಮೇಲೆ ಕೂತು ಗೊರಕೆ ಹೊಡೆಯಲು ಬರುವುದಿಲ್ಲವಲ್ಲ. ಹೊಳೆಯ ದೃಶ್ಯ ಇನ್ನೂ ಆಗಿಲ್ಲ, ಅದು ಆದ ಮೇಲೆ ಹೇಳುತ್ತೇನೆ ಎಂದಳು. ಮಾಮಾ ಅವಳಿಗೆ ಕೊನೆ ಮರೆತಿರಬೇಕು ಎಂದುಕೊಂಡ. ಹೊಳೆ ಕಣ್ಣಿಗೆ ಕಂಡರೆ ನೆನಪಾದೀತು ಎಂದು ಹೊಳೆ ಮಾಡಲು ಹೊರಟ.

ಚಾಚಿಯ ನೀಲಿ ಸೀರೆಯೇ ಹೊಳೆ. ಹಿಂಬಾಗಿಲ ಹತ್ತಿರ, ಹಳಿಯ ಪಕ್ಕಕ್ಕೆ, ಎರಡು ತುದಿ ಹಿಡಿದು ಅಲೆಯಂತೆ ಏಳಿಸಿ ಇಳಿಸಬೇಕು. ಕಲ್ಲು ಬಿಟ್ಟು ಚಾಚಿ ಓಡಿಬಂದು ಒಂದು ತುದಿ ಹಿಡಿಯುವುದು ಎಂದಾಯಿತು. ಇನ್ನೊಂದು ತುದಿಗೆ ಅವ್ವ. ಅವ್ವನಿಗೆ ಇದೆಲ್ಲ ಕೆಲಸಗೇಡಿಗಳ ಆಟ. ಹಪ್ಪಳಕ್ಕೆ ಹಿಟ್ಟು ನಾದುತ್ತಿದ್ದವಳನ್ನು ಮಾಮಾ ಕೈ ಹಿಡಿದು ಎಳೆದುಕೊಂಡು ಬಂದಿದ್ದ. "ಒಂದ ಸಲ ಅಷ್ಟ. ಹಿಟ್ಟ ಒಣಗಿದ್ರ ನೀನ ಲಟ್ಟಿಸಬೇಕ ನೋಡು," ಎಂದು ಬೈಯುತ್ತ ಅವ್ವ ಕತ್ತಲಲ್ಲಿ ಅಡಗಿ ನಿಂತಳು. ಅವಳು ಅಲ್ಲಿರುವುದು ಆಯಿಗೆ ಗೊತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ನಾವು ಹೊರಟೆವು. ಜಾಲಿಗಿಡ ಬಂತು, ನರಿ ಬಂತು, ಮುದುಕಿ ಬಂದಳು. ಚಾಚಿ ಕಲ್ಲು ನಿಲ್ಲಿಸಿ ಕತ್ತಲಲ್ಲಿ ಓಡಿದ ಬಳೆಯ ಸದ್ದು ನಮಗೆಲ್ಲ ಕೇಳಿಸಿತು. ಮರೆ ಸರಿಯಿತು. ನಮ್ಮ ಎದುರಿಗೆ ಹೊಳೆ. ಕೆಂಪು ಬೆಳಕಿನಲ್ಲಿ ಆ ನೀಲಿ ಬಟ್ಟೆ ಕಪ್ಪಾಗಿ, ನಿಜವಾಗಿಯೂ ತುಂಬಿ ಬಂದ ನೀರೇ ಆಗಿ ಕಂಡಿತು. ಮಾಮಾ ಅದನ್ನು ಅಷ್ಟು ಚೆನ್ನಾಗಿ ಮಾಡಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

"ಹೊಳಿ ಕೇಳ್ತು, ನಂಗೇನ ತಂದಿ ಅಂತ," ಎಂದಳು ಆಯಿ.

"ಹೂಂ," ಎಂದೆವು.

"ಹುಡುಗನ ಹಂತ್ಯಾಕ ಏನೂ ಇದ್ದಿಲ್ಲ."

"ಹೂಂ."

ನಮ್ಮ ಹೂಂ ಕೇಳಿಯೂ ಗಾಡಿ ಅಲುಗಲಿಲ್ಲ. ಮುಂದೆ ಹೋಗಲು ಆಯಿಯೂ ಮುಂದಿನ ಸಾಲು ಹೇಳಬೇಕಲ್ಲ. ನಾನು ಮತ್ತೆ ಹೂಂ ಎಂದೆ. ತಂಗಿಯೂ ಹೂಂ ಎಂದಳು. ಕತ್ತಲಲ್ಲಿ ಆಯಿಯ ಕೈ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು.

"ಇದು ಬರೇ ಕಥಿ ಅಲ್ಲವ್ವಾ," ಎಂದಳು. "ನಮ್ಮ ತಮ್ಮ. ಸಾಲೋಟಗಿಯಿಂದ ಬರಾಂವ ಇದ್ದ, ಪಂಚಮಿಗಿ ನನ್ನ ಕರಿಯಾಕ. ಡೋಣಿ ಹೊಳಿ ತುಂಬಿ ಬಂದಿತ್ತು. ದಿನಾ ಹಾಯೂ ಜಾಗಾ ಬಿಟ್ಟು ಎಲ್ಲ್ಯೋ ಇಳದಾನ. ದಾರಿ ತಪ್ಯಾನ. ಬರಲಿಲ್ಲ."

ಅವಳಿಗೊಬ್ಬ ತಮ್ಮನಿದ್ದನೆಂಬುದೇ ನನಗೂ ತಂಗಿಗೂ ಆವರೆಗೆ ಗೊತ್ತಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಾವು ಹೂಂ ಎಂದೆವು. ಕಥೆಗೆ ಎಂದಂತೆಯೇ ಎಂದೆವು.

"ಆವತ್ತ ಮಧ್ಯಾನ ಕೂಸ ಹಟಾ ಹಿಡದಿತ್ತು. ಕಥಿ ಹೇಳು, ಕಥಿ ಹೇಳು ಅಂತ ಒಂದ ಸವನ ಅಳೂದು. ಇನ್ನೂ ತೊದಲ ಮಾತಿನ ಕೂಸ. ನಾನೂ ಸಣ್ಣಾಕಿ. ಹಗಲ ಹೇಳಬಾರದಂತ ಗೊತ್ತಿತ್ತು. ಆದ್ರೂ ಹೇಳಿದೆ. ತಮ್ಮ ಬರಾಂವ ಇದ್ನಲ್ಲ, ಅಂವನ್ನ ನೆನಸಿ ಇದ ಕಥಿ ಕಟ್ಟಿ ಹೇಳಿದೆ."

ಹೊಳೆ ನಿಂತಿತು. ಸೀರೆಯ ಒಂದು ತುದಿ ಸಡಿಲಾಗಿ ನೆಲಕ್ಕೆ ಬಿತ್ತು.

"ಯವ್ವಾ, ಆ ಕೂಸ ನಾನಾ ಏನ?"

ಅವ್ವನ ದನಿ. ಆಯಿ ಬೆಚ್ಚಿಬಿದ್ದಳು, ಅವಳ ಮೈ ನನಗೆ ತಾಗಿತು. ಸೀರೆಯ ಆಚೆಗೆ ಅವ್ವ ಕಂದೀಲಿನ ಬೆಳಕಿಗೆ ಬಂದು ನಿಂತಿದ್ದಳು. ಕೈಗೆಲ್ಲ ಹಪ್ಪಳದ ಹಿಟ್ಟು ಮೆತ್ತಿತ್ತು. ಡೋಣಿ ಹೊಳೆಯಲ್ಲಿ ಕೊಚ್ಚಿ ಹೋದ ಸೋದರಮಾವ ಒಬ್ಬನಿದ್ದ ಎಂಬಷ್ಟು ಅವಳಿಗೂ ಮಾಮಾನಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಆಡುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಆ ಮಧ್ಯಾಹ್ನದ ಕಥೆಯ ವಿಷಯ ಮಾತ್ರ ಆಯಿ ಯಾರಿಗೂ ಹೇಳಿರಲಿಲ್ಲ.

"ನೀ ಇಲ್ಲಿ ಎಲ್ಲಿದ್ದಿ?" ಎಂದಳು ಆಯಿ. ಆಮೇಲೆ ಮೆಲ್ಲಗೆ, "ಹೌದು, ನೀನ. ಅದಕ್ಕ ಹೇಳಿದ್ದಿಲ್ಲ. ನಿನ್ನ ತಲಿಗಿ ಬ್ಯಾಡ ಅಂತ," ಎಂದಳು.

ಆಗ ನನಗೆ ಅರ್ಥವಾದದ್ದು ಅರ್ಧ ಮಾತ್ರ. ಈಗ, ನನಗೂ ಮಕ್ಕಳು ಮೊಮ್ಮಕ್ಕಳು ಆದ ಮೇಲೆ, ಪೂರ್ತಿ ಅರ್ಥವಾಗುತ್ತದೆ. ಮಾಳಿಗೆಯ ಮೇಲಿನ ಆ ಗೊರಕೆ ಸುಳ್ಳು ಗೊರಕೆ. ನಮ್ಮ ಪಕ್ಕದ ಹಾಸಿಗೆಯಲ್ಲಿ ಅವ್ವ ಮಲಗಿರುತ್ತಿದ್ದಳಲ್ಲ, ಅವಳು ಕೇಳಿಸಿಕೊಂಡಾಳು ಎಂಬ ಹೆದರಿಕೆಯ ಗೊರಕೆ. ಕಥೆ ಹೇಳದೆಯೂ ಇರಲಾರಳು, ಹೇಳಿ ಮುಗಿಸಲೂ ಆರಳು. ಮಗಳು ಹಟ ಮಾಡಿದ್ದರಿಂದ ತಮ್ಮ ಹೋದ ಎಂಬ ಒಂದೇ ಒಂದು ಎಳೆ ಮಗಳ ಮನಸ್ಸಿಗೆ ಬರಬಾರದೆಂದು ಅಷ್ಟು ವರ್ಷ ಒಬ್ಬಳೇ ಅದನ್ನು ಹೊತ್ತಿದ್ದಳು. ನನ್ನ ಆಯಿಯನ್ನು ನೆನೆದರೆ ನನಗೆ ಅಳು ಬರುವುದು ಈ ಒಂದು ವಿಷಯಕ್ಕೆ.

ಹಿಂದಿನಿಂದ ಮಾಮಾ, "ಡೋಣಿಗೆ ನೀರ ಬಂದದ್ದು ಮಳಿಯಿಂದ ಬೇ, ನಿನ್ನ ಕಥಿಯಿಂದ ಅಲ್ಲ," ಎಂದ.

"ಅಷ್ಟು ತಿಳೀತದೋ ನಂಗೂ. ತಿಳದ್ರ ಆತೇನು?" ಎಂದಳು ಆಯಿ.

ಅವ್ವ ಅಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ. ಸಿಟ್ಟಿನವಳು ನಮ್ಮವ್ವ, ಅವಳಿಗೆ ದುಃಖ ಬಂದರೂ ಸಿಟ್ಟಿನ ಬಾಗಿಲಿನಿಂದಲೇ ಬರಬೇಕು. ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಆವತ್ತ ಆ ಕಥಿ ಪೂರ್ತಿ ಹೇಳಿದ್ದೇನು ನಂಗ?"

"ಎಲ್ಲಿದು? ನೀ ನಡಬರಕ ನಿದ್ದಿ ಹೋದಿ."

"ಹಂಗಾರ ಈಗ ಹೇಳು. ನಾ ಕೇಳಿದ ಕಥಿ ನಂಗ ಪೂರ್ತಿ ಬೇಕು," ಎಂದು ಅವ್ವ ಬಿದ್ದಿದ್ದ ಹೊಳೆಯನ್ನು ದಾಟಿ ಬಂದು ಟ್ರಾಲಿ ಹತ್ತಿದಳು. ತಂಗಿಯನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಆಯಿಯ ಮೈಗೆ ಮೈ ತಾಗಿಸಿ ಕೂತಳು. ಹಿಟ್ಟಿನ ಕೈ ಆಯಿಯ ಸೀರೆಗೆ ಮೆತ್ತಿತು, ಆಯಿ ಬೈಯಲಿಲ್ಲ. ಚಾಚಿ ತನ್ನ ಸೀರೆಯ ತುದಿಯನ್ನು ಎದೆಗೆ ಅವುಚಿಕೊಂಡು ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು.

ಕಂದೀಲು ಚಟಚಟ ಎಂದಿತು. ಆಮೇಲೆ ಆಯಿ, "ಹೊಳಿ ತುಂಬಿತ್ತು," ಎಂದಳು.

"ಹೂಂ," ಎಂದಳು ಅವ್ವ.

ಆ ಹೂಂ ಕೇಳಿ ಮಾಮಾ ನೂಕಿದ. ಎಂದಿನಷ್ಟು ಮೆಲ್ಲಗಲ್ಲ, ಕಣ್ಣಲ್ಲಿ ನೀರಿದ್ದುದರಿಂದಲೋ ಏನೋ, ಬೇಕಾದ್ದಕ್ಕಿಂತ ಜೋರಾಗಿ. ಟ್ರಾಲಿ ಸೀರೆಯ ಪಕ್ಕದಿಂದ ಸಾಗಿ, ಹಿಂಬಾಗಿಲಿಗೆ ತೂಗುಬಿಟ್ಟಿದ್ದ ಗೋಣಿಯನ್ನು ತಳ್ಳಿಕೊಂಡು, ಹಿತ್ತಲಿನ ಹಳಿಯ ಮೇಲೆ ಬಂದು ನಿಂತಿತು. ನೆತ್ತಿಯ ಮೇಲೆ ಮೇ ತಿಂಗಳ ಮಧ್ಯಾಹ್ನದ ಸೂರ್ಯ. ನಮಗೆ ಯಾರಿಗೂ ಕಣ್ಣು ಬಿಡಲಾಗಲಿಲ್ಲ. ಚಾಚಾನ ಕೋಳಿಗಳು ಚೆದರಿ ಓಡಿದವು.

ಈಗ ಆಯಿ ಬಾಯಿ ಮುಚ್ಚುತ್ತಾಳೆ ಎಂದುಕೊಂಡೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದಳು. ತಿರುಗಿ ಮಾಮಾನನ್ನು ನೋಡಿದಳು. ಪಟ್ಟಿ ಕಟ್ಟಿದ ಕಣ್ಣಿನ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಟ್ರಾಲಿ ಹಿಡಿದು ಅವನು ನಿಂತಿದ್ದ.

"ನೆಳ್ಳಿಗಿ ನಿಂದರು, ಕಣ್ಣಿಗಿ ಬಿಸಲ ಬಡೀತೈತಿ," ಎಂದಳು. ಅವನು ಬಾಗಿಲ ನೆರಳಿಗೆ ಸರಿದ ಮೇಲೆ ಮುಂದಕ್ಕೆ ತಿರುಗಿ, ಆ ಹಾಡುಹಗಲಿನಲ್ಲಿ, ಅವ್ವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕಥೆಯ ಕೊನೆ ಹೇಳಿದಳು.

"ಹೊಳಿ ತುಂಬಿತ್ತು. ನಂಗೇನ ತಂದಿ ಅಂತ ಕೇಳ್ತು. ಏನೂ ತಂದಿಲ್ಲ ಅಂದ. ಹುಡುಗ ಶಾಣ್ಯಾ ಇದ್ದ. ನೀರಿಗಿ ಇಳೀಲಿಲ್ಲ. ಪಂಚಮಿ ಹೋದ್ರ ಹೋಗ್ಲಿ, ನಮ್ಮಕ್ಕ ಸಿಟ್ಟ ಮಾಡಾಕಿ ಅಲ್ಲ ಅಂದ. ನೀರ ಇಳಿಯೂತನಾ ದಂಡಿ ಮ್ಯಾಲ ಕುಂತ."

"ಹೂಂ," ಎಂದಳು ಅವ್ವ. ಆಮೇಲೆ ಅತ್ತಳು.